ಹಳೆಯ ಜಾವಾಕ್ಕೆ ಹೊಂದುವ ಹಲ್ಲುಚಕ್ರ

ಕೊಪ್ಪದ ಬಳಿಯ ನನ್ನ ಮಿತ್ರರೊಬ್ಬರ ಮನೆಯ ಕೊಟ್ಟಿಗೆಯಲ್ಲಿ, ಅಡಕೆ ಚೀಲಗಳ ಹಿಂದೆ, ಅವರ ತಂದೆಯವರ ಜಾವಾ ಮೋಟಾರ್ ಸೈಕಲ್ಲು ಬಹು ವರ್ಷಗಳಿಂದ ನಿಂತಿತ್ತು. ತಂದೆಯವರನ್ನು ಮತ್ತೊಮ್ಮೆ ಅದರ ಮೇಲೆ ಕೂರಿಸಬೇಕೆಂಬ ಹಂಬಲದಿಂದ ಮಿತ್ರರು ಎಂಜಿನನ್ನು ಬಿಚ್ಚಿ ಕಟ್ಟಿಸಿದರು. ಮೆಕ್ಯಾನಿಕರು ಸ್ಪ್ರಾಕೆಟ್ ಎನ್ನುವ, ಹಿಂಬದಿಯ ಹಲ್ಲುಚಕ್ರ ಮಾತ್ರ ತೀರ ಸವೆದಿತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಅಂಗಡಿಗಳನ್ನೂ ಗುಜರಿಗಳನ್ನೂ ಸುತ್ತಿ, ನೋಡುವುದಕ್ಕೆ ಅಂತೆಯೇ ಇದ್ದ ಇನ್ನೊಂದನ್ನು ತಂದರು. ಹಲ್ಲುಗಳ ಸಂಖ್ಯೆಯೂ ಒಂದೇ. ನಡುವಿನ ತೂತನ್ನು ಲೇತಿನಲ್ಲಿ ಕೊರೆಸಿ ಕೂರಿಸಿದ್ದಾಯಿತು. ಹೊಸ ಸರಪಣಿಯನ್ನೂ ಹಾಕಿಸಿದ್ದಾಯಿತು.

ಸಮತಟ್ಟಾದ ನೆಲದಲ್ಲಿ ಗಾಡಿ ಚೆನ್ನಾಗಿಯೇ ಓಡಿತು. ಆದರೆ ತಂದೆಯವರನ್ನು ಹಿಂದೆ ಕೂರಿಸಿಕೊಂಡು ಶೃಂಗೇರಿಯ ದಾರಿಯ ಏರೊಂದನ್ನು ಹತ್ತುತ್ತಿದ್ದಾಗ ಸರಪಣಿ ಹಲ್ಲಿನಿಂದ ಹಲ್ಲಿಗೆ ನೆಗೆದು ಕಳಚಿಕೊಂಡಿತು. ದೈವಕೃಪೆಯಿಂದ ಯಾರಿಗೂ ಪೆಟ್ಟಾಗಲಿಲ್ಲ. “ಹಲ್ಲು ಎಣಿಸಿಯೇ ತಂದಿದ್ದೆನಲ್ಲ ಮೇಷ್ಟ್ರೇ, ತಪ್ಪೆಲ್ಲಿ?” ಎಂದು ಮಿತ್ರರು ನನ್ನನ್ನು ಕೇಳಿದರು. ಹಳೆಯ ಗಾಡಿಗಳನ್ನು ಉಳಿಸಿಕೊಳ್ಳಬಯಸುವ ಎಲ್ಲರೂ ಕೇಳಬೇಕಾದ ಪ್ರಶ್ನೆಯಿದು.

ಝೆಕೊಸ್ಲೊವಾಕಿಯದಲ್ಲಿ 1929ರಲ್ಲಿ ಹುಟ್ಟಿದ ಜಾವಾ ನಮ್ಮಲ್ಲಿ ಮನೆಮಾತಾದದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಿಂದ. 1960ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆ 1973ರಿಂದ ತನ್ನ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರನ್ನಿಟ್ಟಿತು; 1996ರಲ್ಲಿ ಮುಚ್ಚಿತು. 2018ರಲ್ಲಿ ಜಾವಾ ಎಂಬ ಹೆಸರು ಮತ್ತೆ ಪೇಟೆಗೆ ಬಂದಿತಾದರೂ ಹೊಸ ಗಾಡಿಯದು ನಾಲ್ಕು ಸ್ಟ್ರೋಕಿನ ಎಂಜಿನು, ಹಳೆಯದರದು ಎರಡು ಸ್ಟ್ರೋಕಿನದು. ಹೆಸರೊಂದೇ ಎಂದು ಬಿಡಿಭಾಗಗಳು ಹೊಂದುವುದಿಲ್ಲ. ಆದಕಾರಣ ಹಳೆಯ ಗಾಡಿಯವರಿಗೆ ಅಳತೆಯೇ ದಿಕ್ಕು.

ಹಳೆಯ ಜಾವಾದಲ್ಲಿ ಎಂಜಿನಿನ ತಿರುಗುವಿಕೆ ಒಂದು ಸಣ್ಣ ಸರಪಣಿಯ ಮೂಲಕ ಕ್ಲಚ್ಚಿಗೂ, ಅಲ್ಲಿಂದ ಗೇರುಪೆಟ್ಟಿಗೆಗೂ, ಕೊನೆಗೆ ಇನ್ನೊಂದು ಸರಪಣಿಯ ಮೂಲಕ ಹಿಂಚಕ್ರಕ್ಕೂ ತಲಪುತ್ತದೆ. ಸರಪಣಿಗೂ ಹಲ್ಲುಚಕ್ರಕ್ಕೂ ಹೊಂದಬೇಕಾದ ಅಳತೆಗಳು ಮೂರು: ಒಂದು ಕೀಲಿನಿಂದ ಮುಂದಿನ ಕೀಲಿಗಿರುವ ಅಂತರ, ಒಳ ಅಗಲ, ಉರುಳೆಯ ವ್ಯಾಸ. ಅಂಗಡಿಗಳಲ್ಲಿ 420 ಮತ್ತು 428 ಎಂಬ ಸಂಖ್ಯೆಗಳ ಸರಪಣಿಗಳು ದೊರೆಯುತ್ತವೆ. ಮೊದಲ ಅಂಕಿಯಾದ 4, ಅಂಗುಲದ ಎಂಟನೆಯ ನಾಲ್ಕು ಭಾಗವನ್ನು ಸೂಚಿಸುತ್ತದೆ. ಎಂದರೆ ಎರಡರಲ್ಲಿಯೂ ಕೀಲುಗಳ ಅಂತರ ಅರ್ಧ ಅಂಗುಲ, 12.70 ಮಿ.ಮೀ. ಆದರೆ 420ರ ಒಳ ಅಗಲ 6.35 ಮಿ.ಮೀ., ಉರುಳೆಯ ವ್ಯಾಸ 7.77 ಮಿ.ಮೀ.; 428ರಲ್ಲಿ ಇವು ಕ್ರಮವಾಗಿ 7.94 ಮತ್ತು 8.51 ಮಿ.ಮೀ.

ನಾವು ಕ್ಯಾಲಿಪರಿನಿಂದ ಅಳೆದು ನೋಡಿದಾಗ ತಪ್ಪು ತಿಳಿಯಿತು. ಹಲ್ಲುಚಕ್ರ 420ರದು, ಸರಪಣಿ 428ರದು! ದಪ್ಪ ಉರುಳೆಗಳು ಹಲ್ಲುಗಳ ನಡುವಣ ಕುಣಿಯ ತಳವನ್ನು ಮುಟ್ಟದೆ, ಹಲ್ಲುಗಳ ಪಕ್ಕಗಳಿಗೆ ತಾಗಿ ಮೇಲೆಯೇ ನಿಂತಿದ್ದವು. ಹಲ್ಲು ತೆಳುವಾದುದರಿಂದ ಸರಪಣಿ ಅಡ್ಡಡ್ಡಲಾಗಿಯೂ ಓಲಾಡುತ್ತಿತ್ತು.

ಹಾಗಾದರೆ ಸಮನೆಲದಲ್ಲಿ ಏಕೆ ಕಳಚಲಿಲ್ಲ? ಗಾಡಿ ಮತ್ತು ಇಬ್ಬರು ಸವಾರರ ಒಟ್ಟು ತೂಕ 260 ಕಿಲೋಗ್ರಾಂ ಎಂದಿಟ್ಟುಕೊಳ್ಳೋಣ. ಹತ್ತಕ್ಕೆ ಒಂದರಂತಿರುವ ಏರಿನಲ್ಲಿ ಅದನ್ನು ಮೇಲಕ್ಕೆ ತಳ್ಳಲು 26 ಕಿಲೋಗ್ರಾಂ ತೂಕದಷ್ಟು ಬಲ ಬೇಕು. ಚಕ್ರ ನೆಲವನ್ನು ತಳ್ಳುವುದು ಅಕ್ಷದಿಂದ ಸುಮಾರು 30 ಸೆಂ.ಮೀ. ದೂರದಲ್ಲಿ, ಸರಪಣಿ ಎಳೆಯುವುದು ಸುಮಾರು 10 ಸೆಂ.ಮೀ. ದೂರದಲ್ಲಿ. ಸನ್ನೆಯ ನಿಯಮದಂತೆ ಸರಪಣಿಯ ಎಳೆತ ಮೂರು ಪಟ್ಟು, ಎಂದರೆ ಏರಿಗಾಗಿಯೇ 78 ಕಿಲೋಗ್ರಾಂ ತೂಕದಷ್ಟು ಹೆಚ್ಚುತ್ತದೆ. ಈ ಎಳೆತದ ಒಂದು ಪಾಲು ಉರುಳೆಯನ್ನು ಹಲ್ಲಿನ ಇಳಿಜಾರಿನ ಮೇಲಕ್ಕೆ ದಬ್ಬುತ್ತದೆ. ಆಳವಾಗಿ ಕುಳಿತ ಉರುಳೆ ಇದನ್ನು ತಡೆದುಕೊಳ್ಳುತ್ತದೆ; ಮೇಲೆ ನಿಂತದ್ದು ಹಾರಿಹೋಗುತ್ತದೆ.

ಹಲ್ಲುಗಳ ಎಣಿಕೆಯೂ ಬೇಕಾದುದೇ. ಉದಾಹರಣೆಗೆ ಮುಂದೆ 16, ಹಿಂದೆ 48 ಹಲ್ಲುಗಳಿದ್ದರೆ ಪ್ರಮಾಣ 3. ಮುಂದಿನದು 17 ಆದರೆ ಅದು 2.82ಕ್ಕೆ ಇಳಿಯುತ್ತದೆ; ಎಂಜಿನಿನ ಅದೇ ಶ್ರಮಕ್ಕೆ ಚಕ್ರದಲ್ಲಿ ದೊರೆಯುವ ಎಳೆಯುವ ಬಲ ನೂರಕ್ಕೆ ಸುಮಾರು 6ರಷ್ಟು ಕುಗ್ಗುತ್ತದೆ. ಮಲೆನಾಡಿನ ಏರುಗಳಲ್ಲಿ ಇದು ಅಲ್ಪ ನಷ್ಟವಲ್ಲ.

ಹಳೆಯ ಸರಪಣಿಯನ್ನೇ ಉಳಿಸಿಕೊಳ್ಳುವವರು ಅದರ ಸವೆತವನ್ನು ಪರೀಕ್ಷಿಸಬೇಕು. ಕೀಲುಗಳು ಸವೆದಂತೆ ಸರಪಣಿ ಉದ್ದವಾಗುತ್ತದೆ. ಅರ್ಧ ಅಂಗುಲದ ಸರಪಣಿಯನ್ನು ಬಿಗಿಯಾಗಿ ಎಳೆದು 24 ಅಂತರಗಳನ್ನು ಅಳೆಯಿರಿ. ಹೊಸದರಲ್ಲಿ ಅದು ಸರಿಯಾಗಿ ಒಂದು ಅಡಿ. ಅದಕ್ಕಿಂತ ಕಾಲು ಅಂಗುಲ ಬೆಳೆದಿದ್ದರೆ ಸರಪಣಿಯನ್ನು ತೆಗೆದುಹಾಕತಕ್ಕದ್ದು. ಹೊಸ ಸರಪಣಿಯನ್ನು ಸವೆದ ಹಲ್ಲುಗಳ ಮೇಲೆ ಹಾಕಿದರೆ ಅದೂ ಬೇಗನೆ ಕೆಡುವುದು. ಆದುದರಿಂದ ಸರಪಣಿ ಮತ್ತು ಎರಡು ಹಲ್ಲುಚಕ್ರಗಳನ್ನು ಒಟ್ಟಿಗೇ ಬದಲಾಯಿಸುವುದು ಮೇಲು.

ಮಿತ್ರರು ಮೂರು ಅಳತೆಗಳನ್ನೂ ಚೀಟಿಯಲ್ಲಿ ಬರೆದುಕೊಂಡು ಮತ್ತೆ ಅಂಗಡಿಗಳಿಗೆ ಹೊರಟರು. ಸರಿಯಾದದ್ದು ದೊರೆಯಲು ಎರಡು ತಿಂಗಳು ಹಿಡಿಯಿತು. ಮಳೆ ನಿಂತ ಮೇಲೆ ತಂದೆ ಮಗ ಇಬ್ಬರೂ ಅದೇ ಏರನ್ನು ಹತ್ತಿ, ಶೃಂಗೇರಿಯಲ್ಲಿ ತುಂಗೆಯನ್ನು ನೋಡಿಕೊಂಡು ಸುಖವಾಗಿ ಮನೆಗೆ ಮರಳಿದರು.