ಮರಗಳ ಜೊತೆ ಹಟ ಬೇಡ

ವಿಸ್ಕಾನ್ಸಿನ್‌ನ ಉತ್ತರದ ಕಾಡಿನಲ್ಲಿ ಡಿಸ್ಕ್ ಗಾಲ್ಫ್ ಆಡಲು ಹೊರಟಿದ್ದೀರಿ, ಸಂತೋಷ. ಮಿನಿಯಾಪೊಲಿಸ್ ಕಡೆಯಿಂದ ಅಲ್ಲಿನ ಆಟದ ತಾಣ ಹೈಬ್ರಿಡ್ಜ್ ಹಿಲ್ಸ್‌ಗೆ ಕಾರು ಹತ್ತುವ ನಮ್ಮ ಹುಡುಗ ಹುಡುಗಿಯರಿಗೆ ಆಟ ಕಲಿಸುವುದೇನೂ ಬೇಕಿಲ್ಲ. ಕಡಿಮೆ ಎಸೆತದಲ್ಲಿ ಡಿಸ್ಕನ್ನು ಸರಪಳಿ ಬುಟ್ಟಿಗೆ ಬೀಳಿಸಿದವರು ಗೆದ್ದರು, ಅಷ್ಟೆ. ನಾನು ಹೇಳಬೇಕಾದ್ದು ಕಾಡಿನ ವಿಷಯ. ಪಾರ್ಕಿನ ಬಯಲಲ್ಲಿ ಕಲಿತ ಕೈಚಳಕ ಅಲ್ಲಿ ಸಾಲದು.

ಮೊದಲು ಆ ಚೀಲ ಬಿಚ್ಚಿ. ಬರೀ ಡ್ರೈವರ್‌ಗಳನ್ನೇ ತುಂಬಿಕೊಂಡಿದ್ದೀರಲ್ಲ! ಅರ್ಧದಷ್ಟನ್ನು ಕಾರಿನಲ್ಲೇ ಬಿಡಿ. ತಕ್ಕ ವೇಗ ಸಿಗದ ಡ್ರೈವರ್, ಬಲಗೈಯವರು ಬ್ಯಾಕ್‌ಹ್ಯಾಂಡ್ ಎಸೆದರೆ, ಬೇಗನೆ ಎಡಕ್ಕೆ ವಾಲಿ ಪೊದೆ ಸೇರುತ್ತದೆ. ಮಿಡ್‌ರೇಂಜ್ ಇಲ್ಲವೇ ಪಟರ್ ಹಿಡಿದು, ಮುಕ್ಕಾಲು ಬಲದಲ್ಲಿ, ಮರಗಳ ಸಂದಿಗೆ ನೇರವಾಗಿ ಬಿಡಿ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದ ಹಿರಿಯರ ಮಾತು ತೋಳಿಗೂ ಸಲ್ಲುತ್ತದೆ.

ಆದರೂ ಮರಕ್ಕೆ ಬಡಿಯುತ್ತದೆ, ಬಡಿಯಲಿ. ಆಮೇಲೆ ಪೊದೆಯೊಳಗೆ ನಿಂತು, ಕೊಂಬೆಗಳ ಕಿಂಡಿಯಲ್ಲಿ ಬುಟ್ಟಿ ಕಂಡಿತೆಂದು ಅಲ್ಲಿಂದಲೇ ಗುರಿ ಇಡುವ ಚಾಳಿ ಇದೆಯಲ್ಲ, ಅದನ್ನು ಬಿಡಿ. ಆತುರಗಾರನಿಗೆ ಬುದ್ಧಿ ಮಟ್ಟ. ಪಕ್ಕಕ್ಕೋ ಹಿಂದಕ್ಕೋ ಮೆಲ್ಲಗೆ ಎಸೆದು ಫೇರ್‌ವೇಗೆ ಬನ್ನಿ. ಒಂದು ಎಸೆತ ಹೋದರೂ ಮೂರು ಉಳಿದಾವು. ಅಡ್ಡ ಬಂದ ಕೊಂಬೆಯನ್ನು ಮುರಿಯಬೇಡಿ, ಅದು ನಿಯಮಕ್ಕೂ ವಿರುದ್ಧ.

ಹಸಿರು, ಕಂದು ಬಣ್ಣದ ಡಿಸ್ಕ್ ಅಂಗಡಿಯಲ್ಲಿ ಚೆಂದ, ಕಾಡಿನಲ್ಲಿ ಕಣ್ಣಿಗೇ ಬೀಳುವುದಿಲ್ಲ. ಗುಲಾಬಿ, ಕಿತ್ತಳೆ ಬಣ್ಣದ್ದು ಒಯ್ಯಿರಿ. ಸ್ಪರ್ಧೆಯಲ್ಲಿ ಹುಡುಕಾಟಕ್ಕೆ ಸಿಗುವುದು 3 ನಿಮಿಷ; ಆಮೇಲೆ ಒಂದು ಎಸೆತದ ದಂಡ. ಇನ್ನೊಂದು ಮಾತು: ಮುಂದಿನವರು ಬುಟ್ಟಿ ಬಿಟ್ಟು ದೂರ ಹೋಗುವ ತನಕ ತಡೆಯಿರಿ. 175 ಗ್ರಾಂ ತೂಗುವ ಗಟ್ಟಿ ಪ್ಲಾಸ್ಟಿಕ್ಕು ತಲೆಗೆ ಬಿದ್ದರೆ ಆಟವಾಗಿ ಉಳಿಯುವುದಿಲ್ಲ. ದಾರಿ ತಪ್ಪಿ ಹಾರಿತೋ, ನಾಚಿಕೊಳ್ಳದೆ ‘ಫೋರ್’ ಎಂದು ಕೂಗಿ.

ಈಗ ಉಣುಗಿನ ವಿಷಯ. ಇದನ್ನು ಕಿವಿಗೊಟ್ಟು ಕೇಳಿ. ನಮ್ಮ ಮಲೆನಾಡಿನಲ್ಲಿ ಮಂಗನ ಕಾಯಿಲೆ ಹರಡುವುದು ಉಣುಗಿನಿಂದ. ಅಲ್ಲಿ ಜಿಂಕೆ ಉಣುಗಿನಿಂದ ಲೈಮ್ ರೋಗ ಬರುತ್ತದೆ. ಚಡ್ಡಿ ಬೇಡ. ಉದ್ದ ಪ್ಯಾಂಟು ಹಾಕಿ ಅದರ ಅಂಚನ್ನು ಕಾಲುಚೀಲದೊಳಗೆ ತುರುಕಿ. ನೋಡಲು ಚೆನ್ನಾಗಿರುವುದಿಲ್ಲ, ಗೊತ್ತು. ಉಣುಗು ಕೊಲ್ಲುವ ಪರ್ಮೆಥ್ರಿನ್ ಔಷಧಿ ಬಟ್ಟೆಗೆ ಮಾತ್ರ, ಮೈಗೆ ಹಚ್ಚಬಾರದು. ಸಂಜೆ ಸ್ನಾನ ಮಾಡುವಾಗ ಮೊಣಕಾಲ ಹಿಂದೆ, ತೊಡೆಸಂದಿ, ಕಂಕುಳು, ಕಿವಿಯ ಹಿಂದೆ, ಕೂದಲ ಬುಡ ಎಲ್ಲ ತಡವಿ ನೋಡಿ. ಸಾಮಾನ್ಯವಾಗಿ ಉಣುಗು ಒಂದು ದಿನಕ್ಕಿಂತ ಹೆಚ್ಚು ಕಚ್ಚಿಕೊಂಡಿದ್ದರೆ ಮಾತ್ರ ಲೈಮ್ ರೋಗ ದಾಟುತ್ತದೆ, ಆದ್ದರಿಂದ ನಾಳೆ ನೋಡಿದರಾಯಿತು ಎನ್ನಬೇಡಿ. ಸಿಕ್ಕರೆ ಸಣ್ಣ ಚಿಮಟದಿಂದ ಚರ್ಮಕ್ಕೆ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಎಣ್ಣೆ ಸುರಿಯುವುದು, ಬೆಂಕಿಕಡ್ಡಿ ತಾಗಿಸುವುದು ಇವೆಲ್ಲ ಬೇಡ. ಮುಂದಿನ ವಾರಗಳಲ್ಲಿ ಕೆಂಪು ಉಂಗುರವೋ ಜ್ವರವೋ ಕಂಡರೆ ವೈದ್ಯರ ಬಳಿ ಹೋಗಿ.

ಮೂರು ಮೂರು ಎಲೆಯ ಪಾಯ್ಸನ್ ಐವಿ ಪೊದೆಗೆ ಬಿದ್ದ ಡಿಸ್ಕನ್ನೂ ಕೈಯನ್ನೂ ಸೋಪಿನಲ್ಲಿ ತೊಳೆಯಿರಿ, ತುರಿಸುವ ಎಣ್ಣೆ ಡಿಸ್ಕಿಗೂ ಅಂಟಿರುತ್ತದೆ. ಕರಡಿ ಕಂಡರೆ ಓಡದೆ ಮೆಲ್ಲಗೆ ಹಿಂದೆ ಸರಿಯಿರಿ.

ಫೋನ್ ಸಿಗ್ನಲ್ಲನ್ನು ನಂಬಬೇಡಿ. ನಕ್ಷೆಯನ್ನು ಮನೆಯಲ್ಲೇ ಇಳಿಸಿಕೊಳ್ಳಿ, ಎಷ್ಟು ಹೊತ್ತಿಗೆ ಮರಳುತ್ತೀರೆಂದು ಯಾರಿಗಾದರೂ ಹೇಳಿ, ನೀರು ಜಾಸ್ತಿಯೇ ಹೊರಿ. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿ ಏನು ಫಲ?

ನವೆಂಬರ್ ಕೊನೆಯಲ್ಲಿ ಅಲ್ಲಿ 9 ದಿನ ಬಂದೂಕಿನ ಜಿಂಕೆ ಬೇಟೆ. ಆಗ ಆ ಕಡೆ ಹೋಗಲೇಬೇಡಿ. ಮನೆಯಲ್ಲಿ ಕೂತು ಒಂದೊಂದು ಡಿಸ್ಕಿನ ಹಿಂಬದಿಗೂ ಹೆಸರು, ಫೋನ್ ನಂಬರ್ ಬರೆಯಿರಿ. ಸಿಕ್ಕಿದ್ದನ್ನು ಫೋನ್ ಮಾಡಿ ಮರಳಿಸುವ ಒಳ್ಳೆಯವರು ಈ ಆಟದಲ್ಲಿ ಬೇಕಾದಷ್ಟಿದ್ದಾರೆ; ನಂಬರೇ ಇಲ್ಲದಿದ್ದರೆ ಪಾಪ, ಅವರಾದರೂ ಏನು ಮಾಡಿಯಾರು?