ಕಾಗದ, ಪೆನ್ಸಿಲ್‌ನಲ್ಲೇ ಪರ್ಸೆಪ್ಟ್ರಾನ್‌ಗೆ ಪಾಠ

ಒಂದೇ ಪದರದ ಕೃತಕ ನರಜಾಲಗಳಲ್ಲಿ ಮೊದಲು ಹೆಸರು ಮಾಡಿದ್ದು ಪರ್ಸೆಪ್ಟ್ರಾನ್. ಅಮೆರಿಕದ ಬಫಲೋದಲ್ಲಿದ್ದ ಕಾರ್ನೆಲ್ ಏರೋನಾಟಿಕಲ್ ಲ್ಯಾಬೊರೇಟರಿಯ ಮನೋವಿಜ್ಞಾನಿ ಫ್ರಾಂಕ್ ರೋಸೆನ್‌ಬ್ಲಾಟ್ 1957ರಲ್ಲಿ ಇದನ್ನು ರೂಪಿಸಿದರು. ನರಕೋಶದ ಗಣಿತ ಮಾದರಿಯನ್ನು ಮೆಕಲಕ್ ಮತ್ತು ಪಿಟ್ಸ್ 1943ರಲ್ಲೇ ಕೊಟ್ಟಿದ್ದರು. ಆದರೆ ಅದಕ್ಕೆ ತಾನಾಗಿ ಕಲಿಯುವ ದಾರಿ ಇರಲಿಲ್ಲ. ರೋಸೆನ್‌ಬ್ಲಾಟ್ ತೋರಿಸಿದ ಆ ದಾರಿ ಎಷ್ಟು ಸರಳವೆಂದರೆ, ಕೂಡಿ ಕಳೆಯಲು ಬಂದರೆ ಸಾಕು, ಕಾಗದದ ಮೇಲೆಯೇ ಮಾಡಿ ನೋಡಬಹುದು.

ಪ್ರತಿ ಇನ್‌ಪುಟ್‌ಗೂ ಒಂದು ‘ತೂಕ’ ಇರುತ್ತದೆ. ಇನ್‌ಪುಟ್ಟನ್ನು ಅದರ ತೂಕದಿಂದ ಗುಣಿಸಿ, ಬಂದದ್ದನ್ನೆಲ್ಲ ಕೂಡಿಸಿ, ‘ಬಯಾಸ್’ ಎಂಬ ಇನ್ನೊಂದು ಸಂಖ್ಯೆಯನ್ನು ಸೇರಿಸಬೇಕು. ಮೊತ್ತ ಸೊನ್ನೆಗಿಂತ ಹೆಚ್ಚಾದರೆ ಉತ್ತರ 1, ಇಲ್ಲವಾದರೆ 0.

ಕಲಿಸಲು ‘ಆ್ಯಂಡ್’ ತರ್ಕ ಒಳ್ಳೆಯ ಆರಂಭ. ಎರಡೂ ಇನ್‌ಪುಟ್ 1 ಆದಾಗ ಮಾತ್ರ ಇಲ್ಲಿ ಉತ್ತರ 1.

ಮೊದಲು (0,0), (0,1), (1,0), (1,1) ಜೋಡಿಗಳನ್ನು ಸಾಲಾಗಿ ಬರೆದು, ಎದುರಿಗೆ ಸರಿಯುತ್ತರಗಳಾದ 0, 0, 0, 1 ಗುರುತಿಸಬೇಕು. ಎರಡು ತೂಕಗಳೂ ಬಯಾಸೂ ಸೊನ್ನೆಯಿಂದ ಶುರುವಾಗಲಿ.

ನಂತರ ಒಂದೊಂದೇ ಜೋಡಿಯ ಉತ್ತರ ಲೆಕ್ಕ ಹಾಕಬೇಕು. ಸರಿ ಬಂದರೆ ಯಾವುದನ್ನೂ ಮುಟ್ಟುವಂತಿಲ್ಲ. 1 ಬರಬೇಕಾದಲ್ಲಿ 0 ಬಂದರೆ ಆಯಾ ಇನ್‌ಪುಟ್ಟನ್ನು ಅದರ ತೂಕಕ್ಕೆ ಕೂಡಿಸಿ, ಬಯಾಸ್‌ಗೆ 1 ಸೇರಿಸಬೇಕು. 0 ಬರಬೇಕಾದಲ್ಲಿ 1 ಬಂದರೆ ಅಷ್ಟನ್ನೇ ಕಳೆಯಬೇಕು. ಇನ್‌ಪುಟ್ 0 ಇದ್ದರೆ ಅದರ ತೂಕ ಬದಲಾಗುವುದಿಲ್ಲ. ತಪ್ಪಿನಲ್ಲಿ ಪಾಲು ಇದ್ದದ್ದು ಮಾತ್ರ ತಿದ್ದಿಸಿಕೊಳ್ಳುತ್ತದೆ. ಈ ನಿಯಮದ ಸೊಗಸು ಇರುವುದೇ ಇಲ್ಲಿ.

ಮೊದಲ ಸುತ್ತಿನಲ್ಲಿ ಮೂರು ಜೋಡಿಗಳು ಸರಿ ಬಂದು (1,1) ತಪ್ಪುತ್ತದೆ. ತೂಕಗಳು 1, 1, ಬಯಾಸ್ 1 ಆಗುತ್ತವೆ. ಎರಡನೆಯ ಸುತ್ತಿಗೆ (0,0)ಯೇ ಕೆಡುತ್ತದೆ. ಒಂದನ್ನು ತಿದ್ದಿದಾಗ ಇನ್ನೊಂದು ಕೆಡುವುದು ಸಹಜ, ಲೆಕ್ಕ ತಪ್ಪಿತೆಂದು ಕೈಬಿಡಬೇಕಿಲ್ಲ. ಐದನೆಯ ಸುತ್ತು ಮುಗಿಯುವಾಗ ತೂಕಗಳು 2 ಮತ್ತು 1, ಬಯಾಸ್ −2ಕ್ಕೆ ಬಂದು ನಿಲ್ಲುತ್ತವೆ. ಆರನೆಯ ಸುತ್ತಿನಲ್ಲಿ ಒಂದೂ ತಪ್ಪಿಲ್ಲ: (1,1)ಕ್ಕೆ 2+1−2=1, (1,0)ಗೆ 2−2=0.

ರೋಸೆನ್‌ಬ್ಲಾಟ್ ಕಟ್ಟಿದ ‘ಮಾರ್ಕ್ 1’ ಯಂತ್ರದಲ್ಲಿ 400 ಬೆಳಕಿನ ಸೆಲ್‌ಗಳಿದ್ದವು. ಅಲ್ಲಿ ಪೆನ್ಸಿಲ್‌ನ ಕೆಲಸ ಮೋಟಾರುಗಳದು: ಅವು ಪೊಟೆನ್ಶಿಯೋಮೀಟರ್‌ಗಳನ್ನು ತಿರುಗಿಸಿ ತೂಕಗಳನ್ನು ಬದಲಿಸುತ್ತಿದ್ದವು.

ಇದೇ ವಿಧಾನವನ್ನು ‘ಎಕ್ಸ್‌ಆರ್’ ತರ್ಕಕ್ಕೆ, ಅಂದರೆ ಇನ್‌ಪುಟ್‌ಗಳು ಬೇರೆ ಬೇರೆ ಇದ್ದಾಗ ಮಾತ್ರ ಉತ್ತರ 1 ಎಂಬುದಕ್ಕೆ, ಹಚ್ಚಿದರೆ ಎಷ್ಟು ಸುತ್ತು ಹಾಕಿದರೂ ತಪ್ಪಿಲ್ಲದ ಸುತ್ತು ಸಿಗುವುದಿಲ್ಲ. ಗ್ರಾಫ್ ಹಾಳೆಯಲ್ಲಿ ನಾಲ್ಕು ಬಿಂದುಗಳನ್ನು ಗುರುತಿಸಿದರೆ ಕಾರಣ ಕಾಣುತ್ತದೆ. ಒಂದು ಪದರ ಎಳೆಯಬಲ್ಲದ್ದು ಒಂದು ಸರಳರೇಖೆ ಮಾತ್ರ, ಇಲ್ಲಿ 1ರ ಬಿಂದುಗಳು ಎದುರುಬದುರು ಮೂಲೆಗಳಲ್ಲಿವೆ. ಇಂಥ ಮಿತಿಗಳನ್ನು ಮಿನ್‌ಸ್ಕಿ ಮತ್ತು ಪ್ಯಾಪರ್ಟ್ 1969ರ ತಮ್ಮ ಪುಸ್ತಕದಲ್ಲಿ ಗಣಿತದಿಂದಲೇ ಸಾಧಿಸಿ ತೋರಿಸಿದರು. ಇದನ್ನು ದಾಟಲು ನಡುವೆ ಇನ್ನೊಂದು ಪದರ ಬೇಕು. ಆ ಪದರದ ತೂಕಗಳನ್ನು ತಿದ್ದುವ ಬ್ಯಾಕ್‌ಪ್ರೊಪಗೇಶನ್ ವಿಧಾನ ವ್ಯಾಪಕವಾಗಿ ಬಳಕೆಗೆ ಬಂದದ್ದು 1986ರ ನಂತರ.