ಸೊಳ್ಳೆಯಲ್ಲಿ ಕಂಡುಬರುವ ವೈರಾಣುಗಳೆಲ್ಲವೂ ಮನುಷ್ಯನಿಗೆ ರೋಗಕಾರಕವೇ?

ಹೊಳಲ್ಕೆರೆ ತಾಲ್ಲೂಕಿನ ತಾಳ್ಯ ಹೋಬಳಿಯಂತಹ ಮಳೆಯಾಶ್ರಿತ ಪ್ರದೇಶಗಳಲ್ಲಿ ತೊಟ್ಟಿ, ಡ್ರಮ್ಮು, ಹಂಡೆಗಳಲ್ಲಿ ನೀರು ಸಂಗ್ರಹಿಸಿಡುವುದು ಅನಿವಾರ್ಯ. ಮುಚ್ಚದೆ ಬಿಟ್ಟ ಈ ನೀರೇ ಡೆಂಗಿ ಹಾಗೂ ಚಿಕೂನ್‌ಗುನ್ಯಾ ಹರಡುವ ಈಡಿಸ್ ಸೊಳ್ಳೆಯ ಉತ್ಪತ್ತಿ ತಾಣ. ಆದರೆ ಸೊಳ್ಳೆಯಲ್ಲಿ ರೋಗಕಾರಕಗಳಲ್ಲದೆ, ಕೀಟಗಳಲ್ಲಿ ಮಾತ್ರ ವೃದ್ಧಿಯಾಗುವ ವೈರಾಣುಗಳೂ ಇರುತ್ತವೆ. ಇವೇ ಕೀಟನಿರ್ದಿಷ್ಟ ವೈರಾಣುಗಳು.

ಪತ್ತೆಯಾದ ಬಗೆ: 1975ರಲ್ಲಿ ಸ್ಟಾಲರ್ ಮತ್ತು ಥಾಮಸ್ ಎಂಬ ವಿಜ್ಞಾನಿಗಳು, ಪ್ರಯೋಗಾಲಯದಲ್ಲಿ ಬೆಳೆಸಿದ ಈಡಿಸ್ ಈಜಿಪ್ಟೈ ಜೀವಕೋಶಗಳಲ್ಲಿ ಇಂತಹ ವೈರಾಣುವೊಂದನ್ನು ಗುರುತಿಸಿದರು. ಅದನ್ನು ಮತ್ತೊಂದು ಪ್ರಭೇದದ ಸೊಳ್ಳೆಯ ಕೋಶಗಳಿಗೆ ಸೇರಿಸಿದಾಗ ಕೋಶಗಳು ಒಂದರೊಡನೊಂದು ಬೆಸೆದುಕೊಂಡವು. ಆದ್ದರಿಂದ ಅದಕ್ಕೆ ‘ಸೆಲ್ ಫ್ಯೂಸಿಂಗ್ ಏಜೆಂಟ್’ ಎಂಬ ಹೆಸರು ಬಂದಿತು. 2006ರಲ್ಲಿ ಪ್ರಕಟವಾದ ಅಧ್ಯಯನವು ಪೋರ್ಟೊರಿಕೋದ ಹೊರಪರಿಸರದ ಗಂಡು ಹಾಗೂ ಹೆಣ್ಣು ಸೊಳ್ಳೆಗಳೆರಡರಲ್ಲಿಯೂ ಅದನ್ನು ತೋರಿಸಿತು. ಗಂಡು ಸೊಳ್ಳೆ ರಕ್ತ ಹೀರುವುದಿಲ್ಲ. ಆದುದರಿಂದ ಈ ವೈರಾಣು ತಾಯಿಯಿಂದ ಮೊಟ್ಟೆಯ ಮೂಲಕ ಸಂತತಿಗೆ ಬರುತ್ತದೆಂಬ ಅಭಿಪ್ರಾಯಕ್ಕೆ ಬಲ ದೊರೆಯಿತು.

ಪರೀಕ್ಷಾ ಕ್ರಮ:

1. ಬಲೆಗಳಲ್ಲಿ ಹಿಡಿದ ಸೊಳ್ಳೆಗಳನ್ನು ಪ್ರಭೇದ, ಲಿಂಗ ಮತ್ತು ಸ್ಥಳವಾರು ವಿಂಗಡಿಸಿ ಶೀತಲ ವ್ಯವಸ್ಥೆಯಲ್ಲಿ ಸಾಗಿಸುವುದು.

2. ಗುಂಪುಗಳಾಗಿ ಅರೆದು, ಸೋಸಿ, ದ್ರವವನ್ನು ಸೊಳ್ಳೆಯ ಜೀವಕೋಶಗಳಿಗೆ ಸೇರಿಸುವುದು. ಇದಕ್ಕೆ ಬಳಕೆಯಲ್ಲಿರುವ ‘ಸಿ6/36’ ಕೋಶಗಳ ಮೂಲ, ಪುಣೆಯ ವೈರಾಣು ಸಂಶೋಧನಾ ಕೇಂದ್ರದಲ್ಲಿ ಕೆ.ಆರ್.ಪಿ. ಸಿಂಗ್ ಅವರು 1967ರಲ್ಲಿ ರೂಪಿಸಿದ ಕೋಶಶ್ರೇಣಿ.

3. ವೈರಾಣುವಿನ ಅನುವಂಶಿಕ ಸರಣಿಯನ್ನು ಓದಿ, ತಿಳಿದಿರುವ ವೈರಾಣುಗಳೊಂದಿಗೆ ಹೋಲಿಸುವುದು.

4. ಕಶೇರುಕ ಪ್ರಾಣಿಗಳ ಕೋಶಗಳಲ್ಲಿ ಅದು ಬೆಳೆಯುವುದೇ ಎಂದು ಪರೀಕ್ಷಿಸುವುದು. ಮೂರನೆಯ ಹಂತದಲ್ಲಿ ಡೆಂಗಿ ವೈರಾಣುವಿನ ಬಂಧುವೆಂದು ಕಂಡದ್ದೂ ಇಲ್ಲಿ ಬೆಳೆಯದಿರಬಹುದು. ಆದ್ದರಿಂದ ಕೇವಲ ಸರಣಿಯ ಹೋಲಿಕೆಯಿಂದ ರೋಗಭೀತಿ ಸಲ್ಲದು.

ಉಪಯೋಗ: ಇಸ್ರೇಲಿನ ನೆಗೆವ್ ಮರುಭೂಮಿಯ ಸೊಳ್ಳೆಗಳಿಂದ ದೊರೆತ ‘ಐಲಾತ್’ ವೈರಾಣುವನ್ನು 2012ರಲ್ಲಿ ವಿವರಿಸಲಾಯಿತು. ಅದು ಕಶೇರುಕಗಳ ಕೋಶಗಳಲ್ಲಿ ವೃದ್ಧಿಯಾಗದು. ಈ ಗುಣವನ್ನೇ ಬಳಸಿ ಚಿಕೂನ್‌ಗುನ್ಯಾ ಲಸಿಕೆಯ ಪ್ರಯೋಗ ನಡೆದಿದೆ. ಕೆಲವು ಕೀಟನಿರ್ದಿಷ್ಟ ವೈರಾಣುಗಳು ಸೊಳ್ಳೆಯಲ್ಲಿ ರೋಗಕಾರಕ ವೈರಾಣುವಿನ ಬೆಳವಣಿಗೆಯನ್ನು ತಗ್ಗಿಸುವುದೂ ಪ್ರಯೋಗಗಳಲ್ಲಿ ಕಂಡಿದೆ. ಆದರೆ ಪ್ರತಿ ಜೋಡಿಯಲ್ಲಿ ಫಲಿತಾಂಶ ಒಂದೇ ಆಗಿರುವುದಿಲ್ಲ.

ಗ್ರಾಮಮಟ್ಟದ ಕರ್ತವ್ಯ: ಕಚ್ಚಿದ ಸೊಳ್ಳೆಯಲ್ಲಿ ಯಾವ ವೈರಾಣುವಿದೆ ಎಂಬುದು ಕಣ್ಣಿಗೆ ತಿಳಿಯದು. ಆದಕಾರಣ ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದುಮಾಡಿ, ಒಳಗೋಡೆಗೆ ಅಂಟಿದ ಮೊಟ್ಟೆಗಳು ಹೋಗುವಂತೆ ಉಜ್ಜಿ, ಒಣಗಿಸಿ, ಮರಳಿ ತುಂಬಿ ಮುಚ್ಚತಕ್ಕದ್ದು. ಜ್ವರ ಕಂಡಲ್ಲಿ ವಿಳಂಬವಿಲ್ಲದೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸತಕ್ಕದ್ದು.